ಗೋಡೆ ಕುಡಿದ ನೀರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮಾತನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಕಟ್ಟಿದ ಮನೆಯನ್ನು ಮೂರು ತಲೆಮಾರು ಉಳಿಸಿ ನೋಡು ಎಂಬುದನ್ನೂ ಸೇರಿಸಿದ್ದರೆ ಗಾದೆ ಪೂರ್ಣವಾಗುತ್ತಿತ್ತು. ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಮನೆಗಳ ಯಜಮಾನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾದ್ರಪದದ ಒಂದು ರಾತ್ರಿ ಮಳೆ ಹಿಡಿಯಿತೆಂದರೆ ಸಾಕು. ನಡುಮನೆಯಲ್ಲೊಂದು ಪಾತ್ರೆ, ಅಡುಗೆಮನೆಯ ಬಾಗಿಲಲ್ಲೊಂದು ಬಕೆಟ್ಟು, ದೇವರ ಮನೆಯ ಮೂಲೆಯಲ್ಲೊಂದು ಹಳೆಯ ಸೀರೆ. ಯಾವ ಹನಿ ಎಲ್ಲಿ ಬೀಳುತ್ತದೆಂಬುದು ಮನೆಯ ಹೆಂಗಸರಿಗೆ ಬಾಯಿಪಾಠ. ಬೆಳಗಾದ ಮೇಲೆ ಅದೇ ಚರ್ಚೆ. ಮಕ್ಕಳು ಕೆಡವಿಬಿಡೋಣವೆನ್ನುತ್ತಾರೆ, ತಾಯಿ ಮಾತನಾಡದೆ ಗೋಡೆಯ ಕಡೆ ನೋಡುತ್ತಾಳೆ, ಪಿಂಚಣಿಯ ಲೆಕ್ಕವನ್ನು ಬಲ್ಲ ತಂದೆ ಈ ವರ್ಷವೊಂದು ಕಳೆಯಲಿ ಎನ್ನುತ್ತಾನೆ. ವರ್ಷ ಕಳೆಯುತ್ತದೆ, ಗೋಡೆಯ ಕಲೆ ಮಾತ್ರ ಒಂದು ಗೇಣು ಮೇಲೇರುತ್ತದೆ.

ಮನೆಯನ್ನು ಕೆಡವಬೇಕೆ, ಉಳಿಸಬೇಕೆ ಎಂಬುದು ಆಯಾ ಕುಟುಂಬದ ಪ್ರಶ್ನೆ. ಅದಕ್ಕೆ ಹೊರಗಿನವರು ಉತ್ತರ ಹೇಳುವುದು ಸಲ್ಲದು. ಆದರೆ ತೀರ್ಪು ಕೊಡುವ ಮುನ್ನ ಅಪರಾಧಿ ಯಾರೆಂಬುದನ್ನು ವಿಚಾರಿಸುವುದು ನ್ಯಾಯ. ಎಷ್ಟೋ ಮನೆಗಳಲ್ಲಿ ಹಾನಿಯನ್ನುಂಟುಮಾಡಿದುದು ಮುಪ್ಪೂ ಅಲ್ಲ, ಮಳೆಯೂ ಅಲ್ಲ, ನಡುವೆ ಯಾರೋ ಮಾಡಿಸಿದ ತಪ್ಪು ರಿಪೇರಿ ಎಂಬ ಸಂಗತಿ ವಿಚಾರಣೆಯಿಂದ ಹೊರಬೀಳುತ್ತದೆ.

ಆ ಮನೆಗಳ ಸ್ವಭಾವ

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕು ಜನರನ್ನು ಬಯಲಿಗೆ ಓಡಿಸಿದ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದವು. ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾವನ್ನು ಕಂಡು ಬಂದ ಜನಕ್ಕೆ ಗಾಳಿ, ಬೆಳಕು, ಚರಂಡಿಗಳ ಬೆಲೆ ತಿಳಿದಿತ್ತು. ಅಂತೆಯೇ ಈ ಬಡಾವಣೆಗಳಲ್ಲಿ ನೇರವಾದ ರಸ್ತೆಗಳು, ಮನೆಯ ಹಿಂದೆ ಕನ್ಸರ್ವೆನ್ಸಿ ಓಣಿಗಳು, ಎತ್ತರದ ಜಗಲಿಗಳು, ಸುತ್ತ ಅಷ್ಟಿಷ್ಟು ಬಯಲು ಕಾಣಬರುತ್ತವೆ.

ಆ ಮನೆಗಳ ಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವು. ಬೆಸುಗೆ ಮಾತ್ರ ಸುಣ್ಣದ ಗಾರೆಯದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಬೆರೆಸಿ, ಎತ್ತು ಎಳೆಯುವ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಬೆರೆಸುವುದೂ ಉಂಟು. ಮೇಲ್ಭಾಗಕ್ಕೆ ಎರಡು ಬಗೆ. ಒಂದು, ಮಂಗಳೂರು ಹೆಂಚಿನ ಇಳಿಜಾರು ಮಾಡು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ಅದು. ಇನ್ನೊಂದು, ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಗಚ್ಚನ್ನು ಹರಡಿ, ಕೆಲಸದ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡಿದ ತಾರಸಿ.

ಇಂಥ ಮನೆಯ ಮುಖ್ಯ ಗುಣವೊಂದಿದೆ: ಅದು ಉಸಿರಾಡುತ್ತದೆ. ಮಳೆಗಾಲದಲ್ಲಿ ಗೋಡೆ ತುಸು ನೀರು ಕುಡಿಯುತ್ತದೆ. ಬಿಸಿಲು ಬಂದಾಗ ಸುಣ್ಣದ ಸೂಕ್ಷ್ಮ ರಂಧ್ರಗಳ ಮೂಲಕ ಅದನ್ನು ಆವಿಯಾಗಿ ಹೊರಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆಂದು ಬಳಿದ ಸುಣ್ಣವೂ ಈ ಉಸಿರಾಟಕ್ಕೆ ಅಡ್ಡಿಯಾಗುತ್ತಿರಲಿಲ್ಲ. ನೀರನ್ನು ಪೂರ್ಣವಾಗಿ ತಡೆಯುವುದು ಆ ಕಟ್ಟಡದ ಉದ್ದೇಶವಾಗಿರಲಿಲ್ಲ. ಬಂದ ನೀರು ಹಿಂದಿರುಗಿ ಹೋಗಲು ದಾರಿ ಬಿಡುವುದೇ ಅದರ ಉಪಾಯವಾಗಿತ್ತು.

ನೀರು ಬರುವ ನಾಲ್ಕು ದಾರಿ

ಮೊದಲನೆಯ ದಾರಿ ಮೇಲಿನದು. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ಸಂಜೆ 50 ಮಿಲಿಮೀಟರು ಸುರಿದರೆ 5,000 ಲೀಟರು ನೀರು ಇಳಿಯಬೇಕು. ಅದಕ್ಕಿರುವ ದಾರಿ ಎರಡು ಕೊಳವೆಗಳು. ಅವುಗಳಲ್ಲೊಂದರ ಬಾಯಿಯಲ್ಲಿ ತೆಂಗಿನ ಗರಿಯ ಚೂರು, ಮಗುವಿನ ಚೆಂಡು, ಕಾಗೆ ತಂದಿಟ್ಟ ಮೂಳೆ! ನಿಂತ ನೀರು ಮೋಟುಗೋಡೆಯ ಬುಡದಲ್ಲಿ ಬಿರುಕು ಹುಡುಕುತ್ತದೆ. ಆ ಬಿರುಕಿನಲ್ಲಿ ಅರಳಿಯ ಸಸಿಯೊಂದು ತಲೆಯೆತ್ತಿದ್ದರೆ, ಅದರ ಬೇರು ಇನ್ನಷ್ಟು ಜಾಗ ಮಾಡಿಕೊಟ್ಟಿರುತ್ತದೆ. ಹೆಂಚಿನ ಮನೆಯಲ್ಲಿ ಒಡೆದ ಒಂದು ಹೆಂಚು, ಎರಡು ಇಳಿಜಾರುಗಳು ಕೂಡುವ ಕಡೆ ತುಕ್ಕು ತಿಂದ ತಗಡಿನ ದೋಣಿ, ಇವೇ ಮೂಲ.

ಎರಡನೆಯದು ಕೆಳಗಿನ ದಾರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇಟ್ಟಿಗೆಯ ಗೋಡೆ ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ಈ ತೇವ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಜೊತೆಯಲ್ಲಿ ಮಣ್ಣಿನ ಲವಣಗಳೂ ಬರುತ್ತವೆ. ನೀರು ಆವಿಯಾದಾಗ ಲವಣ ಹರಳುಗಟ್ಟಿ, ಗೋಡೆಯ ಮೇಲೆ ಬಿಳಿಯ ಹಿಟ್ಟಿನಂತೆ ಹೂಬಿಡುತ್ತದೆ. ಪ್ಲಾಸ್ಟರಿನೊಳಗೆ ಹರಳುಗಟ್ಟಿದರೆ ಅದನ್ನು ಒಳಗಿನಿಂದಲೇ ನೂಕಿ ಉದುರಿಸುತ್ತದೆ.

ಮೂರನೆಯದು ಒಳಗಿನ ದಾರಿ. ಗೋಡೆಯಲ್ಲಿ ಹುದುಗಿದ ಕಬ್ಬಿಣದ ಪೈಪು, ಬಚ್ಚಲುಮನೆಯ ಸಂದು, ತಾರಸಿಯ ಟ್ಯಾಂಕು. ಹನಿಹನಿಯಾಗಿ ಸೋರುವ ಪೈಪು ಮಳೆಗಾಲಕ್ಕೆ ಕಾಯುವುದಿಲ್ಲ. ಬೇಸಗೆಯಲ್ಲಿಯೂ ಗೋಡೆ ಒದ್ದೆಯಾಗಿದ್ದರೆ ಮೊದಲು ಸಂದೇಹಪಡಬೇಕಾದುದು ಇದನ್ನೇ. ಮದ್ರಾಸ್ ತಾರಸಿಯ ಮೇಲೆ ಸಿಕ್ಕಲ್ಲಿ ಟ್ಯಾಂಕು ಇಡಿಸುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. 1,000 ಲೀಟರು ನೀರೆಂದರೆ ಒಂದು ಟನ್ನು ಭಾರ. ಅದರ ಕೆಳಗಿನ ತೊಲೆಯ ತುದಿ ಒದ್ದೆಗೋಡೆಯೊಳಗೆ ಕೊಳೆಯುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ನಾಲ್ಕನೆಯದು ಬೀದಿಯ ದಾರಿ. ಇದು ಹೊಸ ಕಾಲದ ಕೊಡುಗೆ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹಾಕಿದರೆ, ವರ್ಷಗಳು ಉರುಳಿದಂತೆ ರಸ್ತೆ ಏರುತ್ತದೆ, ಮನೆ ಇಳಿಯುತ್ತದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗಬೇಕಾಗಿದ್ದ ಜಗಲಿಗೆ ಈಗ ಒಂದೇ ಮೆಟ್ಟಿಲು. 2022ರ ಸೆಪ್ಟೆಂಬರಿನ ಮೊದಲ ವಾರ ಒಂದೇ ದಿನದಲ್ಲಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿದಾಗ, ಪೂರ್ವಭಾಗದ ಹೊಸ ಬಡಾವಣೆಗಳ ಸಿರಿವಂತರ ಮನೆಗಳಲ್ಲಿ ಜನ ದೋಣಿಯೇರಿ ಹೊರಬಂದುದನ್ನು ನಾಡೆಲ್ಲ ನೋಡಿತು. ಕೆರೆಗಳನ್ನೂ ರಾಜಕಾಲುವೆಗಳನ್ನೂ ಮರೆತು ಕಟ್ಟಿದ ಊರಿನಲ್ಲಿ ಹಳೆಯ ಮನೆಯೆಂದಾಗಲಿ ಹೊಸ ಮನೆಯೆಂದಾಗಲಿ ನೀರು ಭೇದವೆಣಿಸುವುದಿಲ್ಲ.

ಸಿಮೆಂಟಿನ ವ್ಯಾಮೋಹ

ಕಲೆ ಕಾಣಿಸಿದೊಡನೆ ಮೇಸ್ತ್ರಿಗೆ ಕರೆ ಹೋಗುತ್ತದೆ. ಆತ ಗೋಡೆಯನ್ನು ತಟ್ಟಿ ನೋಡಿ, "ಹಳೇ ಗಾರೆ ಸ್ವಾಮಿ, ಸತ್ತ್ಹೋಗಿದೆ. ಕಿತ್ತು ಸಿಮೆಂಟು ಹೊಡೆದುಬಿಟ್ಟರೆ ಇನ್ನು ಐವತ್ತು ವರ್ಷ ನೋಡೋ ಹಾಗಿಲ್ಲ" ಎನ್ನುತ್ತಾನೆ. "ಐವತ್ತು ವರ್ಷ ನಾವೇ ಇರೋದಿಲ್ಲವಲ್ಲಪ್ಪ, ಆಗಲಿ" ಎಂದು ಯಜಮಾನರು ಒಪ್ಪುತ್ತಾರೆ. ಸಿಮೆಂಟು ಮೆತ್ತಿ, ಮೇಲೆ ಹೊಳೆಯುವ ಪೆಯಿಂಟು ಬಳಿದ ಗೋಡೆ ಒಂದು ವರ್ಷ ಮದುವಣಗಿತ್ತಿಯಂತೆ ಕಂಗೊಳಿಸುತ್ತದೆ. ಎರಡನೆಯ ಮಳೆಗಾಲಕ್ಕೆ ಪೆಯಿಂಟು ಗುಳ್ಳೆಯೇಳುತ್ತದೆ. ಮೊದಲು ಎರಡಡಿಗೆ ನಿಂತಿದ್ದ ಕಲೆ ನಾಲ್ಕಡಿಗೆ ಏರಿರುತ್ತದೆ.

ಇದರ ಕಾರಣ ಸರಳವಾದುದು. ಸಿಮೆಂಟಿನ ಗಟ್ಟಿ ಪದರ ಆವಿಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಉಸಿರು ಕಟ್ಟಿದ ತೇವ ಆವಿಯಾಗಲು ಸ್ಥಳ ಸಿಗುವತನಕ ಗೋಡೆಯೊಳಗೇ ಮೇಲೇರುತ್ತದೆ. ಸುಣ್ಣದ ಗಾರೆ ಮೆದು. ಮನೆ ತುಸು ಅಲುಗಿದರೆ ಅದೂ ಅಲುಗಿ ಹೊಂದಿಕೊಳ್ಳುತ್ತದೆ. ಸಿಮೆಂಟು ಬಿಗಿ, ಹೊಂದಿಕೊಳ್ಳಲಾರದೆ ಕೂದಲೆಳೆಯಂತೆ ಬಿರುಕುಬಿಡುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಹೋಗಬಲ್ಲದು, ಹೊರಗೆ ಬರಲಾರದು. ಹೀಗಾಗಿ ಮದ್ದೇ ರೋಗವಾಗಿ ಪರಿಣಮಿಸುತ್ತದೆ. ಸಿಮೆಂಟಿನ ಮೇಲೆ ಈ ಕಾರಣದಿಂದ ದ್ವೇಷ ಸಾಧಿಸಬೇಕಾಗಿಲ್ಲ. ಸಿಮೆಂಟಿನಿಂದಲೇ ಕಟ್ಟಿದ ಮನೆಗೆ ಸಿಮೆಂಟು ಯುಕ್ತ. ಸುಣ್ಣದ ಮನೆಗೆ ಸುಣ್ಣವೇ ಯುಕ್ತ.

ಈ ವಿವೇಕ ಹೊಸದೇನೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ತೇವದ ಜಾಗದಲ್ಲಿ ನೆಲದಿಂದ ಮೂರಡಿಯವರೆಗೆ ಮರಳಿನ ಬದಲು ಸುಟ್ಟ ಮಣ್ಣಿನ ಪುಡಿ ಬೆರೆಸಿದ ಗಾರೆಯನ್ನು ಮೆತ್ತಬೇಕೆಂದು ಬರೆದಿಟ್ಟಿದ್ದಾನೆ. ತೇವ ಅಷ್ಟಕ್ಕೂ ನಿಲ್ಲದಿದ್ದರೆ ಒಳಗೆ ಇನ್ನೊಂದು ತೆಳುಗೋಡೆ ಕಟ್ಟಿ, ನಡುವೆ ಗಾಳಿಯಾಡಲು ಜಾಗ ಬಿಡಬೇಕೆಂದೂ ಹೇಳಿದ್ದಾನೆ. ನಮ್ಮ ಗಾರೆ ಕೆಲಸದವರು ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದುದು ಇದೇ ಅನುಭವದಿಂದ. ಗಾಳಿ ಮತ್ತು ಸುಣ್ಣ, ಎರಡನ್ನೂ ಆ ಕಾಲದವರು ನಂಬಿದ್ದರು.

ನಲವತ್ತರ ದಶಕದಿಂದೀಚೆಗೆ ಎದ್ದ ಬಡಾವಣೆಗಳ ಮನೆಗಳದು ಬೇರೆ ಕಥೆ. 1948ರಲ್ಲಿ ಅಡಿಗಲ್ಲು ಕಂಡ ಜಯನಗರದಂಥ ಕಡೆಗಳಲ್ಲಿ ತಾರಸಿಗಳು ಬಹುಪಾಲು ಕಾಂಕ್ರೀಟಿನವು. ಅಲ್ಲಿ ನೀರಿನ ಬೇಟೆ ಒಳಗಿನ ಕಬ್ಬಿಣದ ಸರಳು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಾಲಿಗೂ ಮಿಗಿಲಾದ ಜಾಗವನ್ನು ಬೇಡುತ್ತದೆ. ಸುತ್ತಲಿನ ಕಾಂಕ್ರೀಟನ್ನು ಒಡೆದು ಆ ಜಾಗವನ್ನು ಪಡೆಯುತ್ತದೆ. ಸೂರಿನಿಂದ ಹೆಕ್ಕಳಿಕೆಗಳು ಉದುರಿ ಕೆಂಪು ಸರಳು ಹಲ್ಲು ಕಿರಿದರೆ ಬಣ್ಣ ಬಳಿದು ಮುಚ್ಚುವುದು ಅಪಾಯಕರ. ಇಂಜಿನಿಯರರಿಗೆ ತೋರಿಸುವುದೇ ಕ್ಷೇಮ.

ರೋಗವನ್ನು ಗುರುತಿಸುವ ಬಗೆ

ಹಣ ಖರ್ಚಿಲ್ಲದ ಕೆಲವು ಪರೀಕ್ಷೆಗಳುಂಟು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ನೀರಿನ ಮೀಟರನ್ನು ಗಮನಿಸಬೇಕು. ಮುಳ್ಳು ಆಗಲೂ ತಿರುಗುತ್ತಿದ್ದರೆ ಮೀಟರಿನಿಂದಾಚೆಗೆ ಎಲ್ಲೋ ಸೋರಿಕೆಯಿದೆ. ಎರಡನೆಯದು ಪ್ಲಾಸ್ಟಿಕ್ಕಿನ ಪರೀಕ್ಷೆ. ಒದ್ದೆಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದು ಹಾಳೆಯನ್ನು ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ ಮೆತ್ತಿ ಒಂದೆರಡು ದಿನ ಬಿಡಬೇಕು. ಹನಿ ಹಾಳೆಯ ಹಿಂದೆ ಕಟ್ಟಿದರೆ ತೇವ ಗೋಡೆಯೊಳಗಿನದು. ಮುಂಭಾಗದಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ವಾಸಿ. ಮೂರನೆಯದು ತೊಲೆಯ ಪರೀಕ್ಷೆ. ಗೋಡೆಯೊಳಗೆ ಸೇರುವ ತುದಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ದಬ್ಬಳದಿಂದ ಚುಚ್ಚಿ ನೋಡಬೇಕು. ಮರದಲ್ಲಿನ ತೇವ ಅದರ ಒಣತೂಕದ ನೂರಕ್ಕೆ ಇಪ್ಪತ್ತರೊಳಗಿದ್ದರೆ ಕೊಳೆಯುವ ಭಯವಿಲ್ಲ; ಅದನ್ನು ಮೀರಿ ಬಹುಕಾಲ ನಿಂತರೆ ಶಿಲೀಂಧ್ರ ಮರವನ್ನು ತಿನ್ನತೊಡಗುತ್ತದೆ. ಹಿಂದೆಯೇ ಗೆದ್ದಲೂ ಬರಬಹುದು.

ನೀರು ನುಗ್ಗಿದ ದಿನ

ನೀರು ಒಳನುಗ್ಗಿದಾಗ ಮೊದಲ ಕೆಲಸ ಮೇನ್ ಸ್ವಿಚ್ಚನ್ನು ಆರಿಸುವುದು. ಅಲ್ಲಿಗೆ ಹೋಗಲು ನೀರಿನಲ್ಲಿ ನಿಲ್ಲಬೇಕಾದರೆ ಅದನ್ನು ಮುಟ್ಟದೆ ವಿದ್ಯುತ್ ಇಲಾಖೆಯವರಿಗೆ ತಿಳಿಸಬೇಕು. ಮರದ ಪಟ್ಟಿಯೊಳಗೆ ಹಳೆಯ ತಂತಿಗಳು ಹರಿದಿರುವ ಮನೆಗಳಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿ ಬೇಕು. ಬಲ್ಲವರು ಪರೀಕ್ಷಿಸುವತನಕ ದೀಪ ಹಾಕಕೂಡದು.

ಎರಡನೆಯದಾಗಿ, ಗುಡಿಸಿ ಹಸನುಮಾಡುವ ಮುನ್ನ ಎಲ್ಲವನ್ನೂ ಫೋಟೋ ತೆಗೆದಿಡಬೇಕು. 2021ರ ಏಪ್ರಿಲಿನಿಂದ ಜಾರಿಗೆ ಬಂದಿರುವ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಮನೆ ವಿಮೆಯಲ್ಲಿ ಪ್ರವಾಹ ಮತ್ತು ಜಲಾವೃತವಾಗುವಿಕೆ, ಪೈಪು ಟ್ಯಾಂಕುಗಳು ಒಡೆಯುವುದು ಮೊದಲಾದವು ಸೇರಿವೆ. ಆದರೆ ವರ್ಷಗಟ್ಟಲೆ ಇಂಗಿ ಆದ ಹಾನಿಯನ್ನು ವಿಮೆ ತುಂಬಿಕೊಡುವುದೆಂದು ನೆಚ್ಚಬಾರದು. ಇಂದು ನುಗ್ಗಿದ ನೀರಿಗೂ ಮೊದಲಿನಿಂದ ಸೋರುತ್ತಿದ್ದ ನೀರಿಗೂ ವ್ಯತ್ಯಾಸ ತೋರಿಸಲು ಆ ಚಿತ್ರಗಳೇ ಸಾಕ್ಷಿ.

ಮೂರನೆಯದು ಗಡಿಯಾರದೊಡನೆ ಓಟ. ಒದ್ದೆಯಾದ ಬಟ್ಟೆ, ಕಾಗದ, ಹಾಸಿಗೆಗಳ ಮೇಲೆ 24ರಿಂದ 48 ಗಂಟೆಗಳೊಳಗೆ ಬೂಷ್ಟು ಹಿಡಿಯಲು ಆರಂಭವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟುಗಳ ವಿಷಯವಾಗಿಯೇ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ಇಂಥ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚೆಂಬುದು ಅದರ ಸಾರ. ಅಜ್ಜಿಯ ಕೆಮ್ಮಿಗೂ ಮಗುವಿನ ಉಬ್ಬಸಕ್ಕೂ ಮಾತ್ರೆ ತರಿಸುವವರು ಅವರು ಮಲಗುವ ಮಂಚದ ಹಿಂದಿನ ಗೋಡೆಯನ್ನೊಮ್ಮೆ ನೋಡುವುದು ಒಳ್ಳೆಯದು. ಬೀರುಗಳನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸಿದರೂ ಗಾಳಿಯಾಡುತ್ತದೆ. ಚರಂಡಿಯ ನೀರಿನಲ್ಲಿ ನೆನೆದ ಹಾಸಿಗೆಯನ್ನು ಮಮತೆಯಿಂದ ಇಟ್ಟುಕೊಳ್ಳಬಾರದು. ಮದುವೆಯ ಹಳೆಯ ಪಟಗಳೂ ಪತ್ರಗಳೂ ನೆನೆದಿದ್ದರೆ ಬಿಸಿಲಿಗೆ ಹಾಕದೆ, ಅಂಟಿಕೊಂಡ ಹಾಳೆಗಳನ್ನು ಬಲವಂತದಿಂದ ಬಿಡಿಸದೆ, ನೆರಳಿನಲ್ಲಿ ಗಾಳಿಗೆ ಹರಡಬೇಕು.

ಒಣಗುವುದಕ್ಕೆ ಸಹನೆ

ಪುನರುದ್ಧಾರದಲ್ಲಿ ಅತ್ಯಂತ ಕಠಿನವಾದ ಕಾರ್ಯ ಕಾಯುವುದು. ಗೋಡೆ ಪ್ರತಿ ಅಂಗುಲ ದಪ್ಪಕ್ಕೂ ಸುಮಾರು ಒಂದು ತಿಂಗಳು ಒಣಗಬೇಕೆಂಬುದು ಕಟ್ಟಡ ಬಲ್ಲವರ ಸ್ಥೂಲ ಲೆಕ್ಕ. ಒಂಬತ್ತಂಗುಲದ ಗೋಡೆ ಚೆನ್ನಾಗಿ ನೆನೆದಿದ್ದರೆ ಮುಂದಿನ ಮಳೆಗಾಲದ ಹೊಸ್ತಿಲವರೆಗೂ ಅದು ಒಣಗುತ್ತಲೇ ಇರುತ್ತದೆ. ದೀಪಾವಳಿಗೆ ಮನೆ ಚೆನ್ನಾಗಿ ಕಾಣಲೆಂದು ಅಶ್ವಯುಜದಲ್ಲೇ ಬಣ್ಣ ಬಳಿಸಿದವರು ಸಂಕ್ರಾಂತಿಗೆ ಪಶ್ಚಾತ್ತಾಪಪಡುತ್ತಾರೆ.

ಕೆಲಸದ ಕ್ರಮ ಇಂತು: ಮೊದಲು ನೀರಿನ ಮೂಲವನ್ನು ನಿಲ್ಲಿಸಬೇಕು. ಆ ಬಳಿಕ, ಸಿಮೆಂಟಿನ ಪದರವಿದ್ದರೆ ಇಟ್ಟಿಗೆಗೆ ಪೆಟ್ಟಾಗದಂತೆ ಬಿಡಿಸಿ ಗೋಡೆಯನ್ನು ಬತ್ತಲೆ ಬಿಡಬೇಕು. ಬಿಳಿಯ ಉಪ್ಪನ್ನು ನೀರು ಹಾಕಿ ತೊಳೆಯಬಾರದು, ಕರಗಿ ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್ಷಿನಿಂದ ಕೆರೆದು, ಪುಡಿಯನ್ನು ಮನೆಯ ಆಚೆಗೆ ಹಾಕಬೇಕು. ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಿಳುಪು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಅವಸರ ಅದಕ್ಕೆ ಒಗ್ಗದು. ಬುಡದ ಪ್ಲಾಸ್ಟರು ಕೆಲವು ವರ್ಷಗಳಲ್ಲಿ ಉಪ್ಪು ತಿಂದು ಉದುರಿದರೆ ವ್ಯಥೆಪಡಬೇಕಾಗಿಲ್ಲ. ಇಟ್ಟಿಗೆಯನ್ನು ಉಳಿಸಲೆಂದು ತಾನು ಹಾಳಾಗುವುದೇ ಅದರ ಧರ್ಮ. ಅದನ್ನು ಮತ್ತೆ ಮೆತ್ತಬಹುದು, ಇಟ್ಟಿಗೆಯನ್ನು ಮತ್ತೆ ತರಲಾಗದು.

ಸುಣ್ಣದ ಕೆಲಸ ಬಲ್ಲವರು ವಿರಳವಾಗಿರುವುದು ನಿಜ. ಮೊದಲ ಖರ್ಚೂ ಹೆಚ್ಚಾಗಬಹುದು. ಆದರೆ ಎರಡು ಮಳೆಗಾಲಕ್ಕೊಮ್ಮೆ ಸಿಮೆಂಟು ಪೆಯಿಂಟುಗಳಿಗೆ ಸುರಿಯುವ ಹಣವನ್ನು ಹತ್ತು ವರ್ಷ ಕೂಡಿಸಿ ನೋಡಿದರೆ ದುಬಾರಿ ಯಾವುದೆಂಬುದು ತಾನಾಗಿ ಗೊತ್ತಾಗುತ್ತದೆ.

ಮುಂಗಾರಿಗೆ ಮುನ್ನ

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರು ಮಳೆ. ಅತಿ ಹೆಚ್ಚು ಸೆಪ್ಟೆಂಬರಿನಲ್ಲಿ. ಏಪ್ರಿಲಿನಲ್ಲಿಯೇ ಒಂದು ಭಾನುವಾರವನ್ನು ಮನೆಗಾಗಿ ಮೀಸಲಿಟ್ಟರೆ ಮುಂದಿನ ಅನೇಕ ರಾತ್ರಿಗಳ ನಿದ್ರೆ ಉಳಿಯುತ್ತದೆ. ಕೊಳವೆಗಳ ಬಾಯಿ ಬಿಡಿಸುವುದು, ಒಡೆದ ಹೆಂಚು ಬದಲಿಸುವುದು, ಅರಳಿಯ ಸಸಿಯನ್ನು ಎಳೆಯದರಲ್ಲೇ ತೆಗೆಯುವುದು, ಗೋಡೆಯ ಬುಡಕ್ಕೆ ಒತ್ತಿ ಏರಿಸಿದ ಹೂವಿನ ಪಾತಿಯನ್ನು ಎರಡಡಿ ದೂರ ಸರಿಸುವುದು, ನೆಲ ಮನೆಯಿಂದ ಆಚೆಗೆ ಇಳಿಜಾರಾಗಿದೆಯೇ ಎಂದು ನೋಡುವುದು. ಇಷ್ಟಕ್ಕೆ ಬೇಕಾದುದು ಒಂದು ಏಣಿ, ಒಂದು ಪೊರಕೆ, ಮನೆಯ ಹುಡುಗರ ಒಂದು ದಿನ. ತಾರಸಿಯ ನೀರನ್ನು ಹಿಡಿದಿಡುವುದಂತೂ ಎರಡು ಬಗೆಯ ಲಾಭ. 2009ರ ಕಾನೂನಿನ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 2,400 ಚದರಡಿ ಮತ್ತು ಅದಕ್ಕೆ ಮೀರಿದ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಇಂಗುಗುಂಡಿಯನ್ನು ಮಾತ್ರ ಹಳೆಯ ಗೋಡೆಯ ಬುಡದಲ್ಲಿ ತೋಡಿಸದಿರುವುದು ಜಾಣತನ.

ಇಷ್ಟೆಲ್ಲ ಆದಮೇಲೂ ಕೆಲವು ಮನೆಗಳು ಉಳಿಯಲಾರವು. ತೊಲೆಗಳೆಲ್ಲ ಟೊಳ್ಳಾಗಿ ಗೋಡೆ ವಾಲಿದ್ದರೆ, ಒಳಗಿರುವವರ ಪ್ರಾಣಕ್ಕಿಂತ ಕಟ್ಟಡದ ಮೇಲಿನ ಅಭಿಮಾನ ದೊಡ್ಡದಲ್ಲ. ಆದರೆ ಅಂಥವು ಕೆಲವೇ. ಮಿಕ್ಕ ಮನೆಗಳಲ್ಲಿ ಕೆಡವುವ ಮಾತು ಬಂದಾಗ ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ, ಮನೆಯವರೆಲ್ಲ ಕೂಡಿ ಒಂದು ಬೇಸಗೆಯ ಕಾಲ ಆ ಗೋಡೆಗೆ ಒಣಗಲು ಅವಕಾಶ ಕೊಟ್ಟು ನೋಡುವುದು ಲೇಸು. ಸಿಮೆಂಟು ಬಿಡಿಸಿ, ಕೊಳವೆ ಸರಿಪಡಿಸಿ, ಕಿಟಕಿಗಳನ್ನು ತೆರೆದಿಟ್ಟು ಕಾದ ಬಳಿಕ ಜ್ಯೇಷ್ಠದ ಮೊದಲ ಮಳೆ ಬಂದಾಗ ಗೋಡೆ ತಾನೇ ಉತ್ತರ ಹೇಳುತ್ತದೆ. ಆ ಉತ್ತರ ಬಂದ ಮೇಲೆ ತಂದೆ ಮಕ್ಕಳ ನಡುವೆ ನಡೆಯುವ ಚರ್ಚೆಗೆ ಲೆಕ್ಕದ ಆಧಾರವಾದರೂ ಇರುತ್ತದೆ.